ತೀರ್ಪು ಕೊಡುವ ಮೊದಲು ಆ ಜಾಗದಲ್ಲಿ ನಿಲ್ಲಿ

ಮಕ್ಕಳೇ, ‘ಅವೆಂಜರ್ಸ್: ಇನ್ಫಿನಿಟಿ ವಾರ್’ ತೆರೆಗೆ ಬಂದದ್ದು 2018ರ ಏಪ್ರಿಲ್‌ನಲ್ಲಿ. ಮರುವರ್ಷದ ಏಪ್ರಿಲ್‌ನಲ್ಲಿ ‘ಎಂಡ್‌ಗೇಮ್’ ಬಂದು ಆ ಕಥೆ ಮುಗಿದೂ ಹೋಯಿತು. ಆದರೆ ಟೈಟನ್ ಗ್ರಹದಲ್ಲಿ ಪೀಟರ್ ಕ್ವಿಲ್ ಅರ್ಧ ಜೀವಲೋಕವನ್ನು ಅಳಿಸಹೊರಟ ಥಾನೋಸನ ಮುಖಕ್ಕೆ ಹೊಡೆದದ್ದು ಸರಿಯೋ ತಪ್ಪೋ ಎಂಬ ವಾದ ನಿಮ್ಮ ನಡುವೆ ಇನ್ನೂ ಮುಗಿದಿಲ್ಲ. ಹಾಸ್ಟೆಲ್ ಕೋಣೆಯಲ್ಲಿ, ಕಾಲೇಜು ಕ್ಯಾಂಟೀನಿನಲ್ಲಿ, ಮನೆಯಲ್ಲಿ ಊಟಕ್ಕೆ ಕೂತಾಗ ಕೈ ಒಣಗಿದರೂ ಏಳದೆ ಅದನ್ನೇ ಮಾತಾಡುತ್ತೀರಿ. ಇಲ್ಲದ ಮನುಷ್ಯರಿಗಾಗಿ ಇಷ್ಟೊಂದು ಜಗಳವೇ ಎಂದು ಗದರುವ ಹಿರಿಯರಿದ್ದಾರೆ. ನಾನು ಹಾಗೆ ಗದರುವವನಲ್ಲ. ಕಥೆಯೊಳಗಿನವರು ಮಾಡಿದ್ದು ಸರಿಯೇ ಎಂದು ಕೇಳಿಕೊಳ್ಳುವುದು ಮನುಷ್ಯರನ್ನು ಅರಿಯುವ ಒಳ್ಳೆಯ ದಾರಿ. ಆ ದಾರಿ ಹಿಡಿದವರಿಗೆ ಒಂದು ಮಾತು ಹೇಳಬೇಕು: ಪಾತ್ರದ ಮೇಲೆ ತೀರ್ಪು ಕೊಡುವ ಮೊದಲು ಅದು ನಿಂತ ಜಾಗದಲ್ಲಿ ನಿಂತು ನೋಡಿ. ಆ ಹೊತ್ತಿನಲ್ಲಿ ಅದಕ್ಕೆ ಏನು ಗೊತ್ತಿತ್ತು, ಅದು ಏನನ್ನು ಹೊತ್ತುಕೊಂಡು ಬಂದಿತ್ತು ಎಂದು ಕೇಳಿ.

ಆ ದೃಶ್ಯವನ್ನೇ ನಿಧಾನವಾಗಿ ನೋಡೋಣ. ಮ್ಯಾಂಟಿಸ್ ಥಾನೋಸನ ಹೆಗಲೇರಿ ಕೂತು, ಅವನ ತಲೆಗೆ ಎರಡೂ ಕೈ ಒತ್ತಿ ಮಂಪರು ಬರಿಸಿದ್ದಾಳೆ. ಟೋನಿ ಸ್ಟಾರ್ಕ್ ಮತ್ತು ಸ್ಪೈಡರ್‌ಮ್ಯಾನ್ ಮಣಿಗಳ ಶಕ್ತಿ ತುಂಬಿದ ಅವನ ಕೈಗವಸು ಗಾಂಟ್ಲೆಟ್ ಹಿಡಿದು ಎಳೆಯುತ್ತಿದ್ದಾರೆ. ಅದು ಕೈಯಿಂದ ಜಾರತೊಡಗಿದೆ. ಥಾನೋಸ್ ಯಾರಿಗಾಗಿಯೋ ಶೋಕಿಸುತ್ತಿದ್ದಾನೆ ಎಂದು ಮ್ಯಾಂಟಿಸ್‌ಗೆ ಗೊತ್ತಾಗುತ್ತದೆ. ಇವನಿಗೆಂಥ ಶೋಕ ಎಂದು ಕ್ವಿಲ್ ಕೇಳುವಷ್ಟರಲ್ಲಿ ನೆಬ್ಯುಲಾಗೆ ಹೊಳೆದುಬಿಡುತ್ತದೆ: ಕ್ವಿಲ್ ಪ್ರೀತಿಸಿದ ಗಮೋರಾಳನ್ನು ವೊರ್ಮಿರ್‌ಗೆ ಕರೆದೊಯ್ದವನು ಮಣಿ ಹಿಡಿದು ಬಂದ, ಅವಳು ಬರಲಿಲ್ಲ. ದುಡುಕಬೇಡ ಎಂದು ಸ್ಟಾರ್ಕ್ ಗೋಗರೆಯುತ್ತಾನೆ. ಕ್ವಿಲ್ ಮೊದಲು ಥಾನೋಸನನ್ನೇ ಅಂಗಲಾಚುತ್ತಾನೆ, ಇದು ಸುಳ್ಳು ಅಂತ ಹೇಳು ಎಂದು. ಮಾಡಲೇಬೇಕಾಯಿತು ಎಂಬ ಉತ್ತರ ಬಂದ ಮೇಲೆ ಹೊಡೆಯುತ್ತಾನೆ. ಥಾನೋಸ್ ಎಚ್ಚರಗೊಳ್ಳುತ್ತಾನೆ, ಗಾಂಟ್ಲೆಟ್ ಮತ್ತೆ ಅವನ ಕೈ ಸೇರುತ್ತದೆ.

ನೀವು ಕ್ವಿಲ್‌ಗೆ ಬುದ್ಧಿಯಿಲ್ಲ ಎನ್ನುತ್ತೀರಿ. ಆದರೆ ಅದೇ ಚಿತ್ರದಲ್ಲಿ ಇದಕ್ಕೆ ಮುಂಚೆ ನಡೆದದ್ದನ್ನು ಯಾಕೆ ಬಿಡುತ್ತೀರಿ? ಥಾನೋಸನ ಕೈಗೆ ಸಿಕ್ಕರೆ ನನ್ನನ್ನು ಕೊಂದುಬಿಡು ಎಂದು ಗಮೋರಾ ಅವನಿಂದ ಆಣೆ ಮಾಡಿಸಿಕೊಂಡಿದ್ದಳು. ಅವಳು ಸಿಕ್ಕಿಬಿದ್ದಾಗ ಅವನು ಆ ಮಾತನ್ನು ನಡೆಸಿದ. ಪ್ರೀತಿಸಿದವಳ ಕಡೆಗೇ ಗುರಿಯಿಟ್ಟು ಟ್ರಿಗರ್ ಎಳೆದ. ಗುಂಡಿನ ಬದಲು ಸೋಪಿನ ಗುಳ್ಳೆ ಹೊರಬಂದದ್ದು ಥಾನೋಸನ ಮಾಯೆ, ಕ್ವಿಲ್‌ನ ಅಳ್ಳೆದೆಯಲ್ಲ. ಕರ್ತವ್ಯಕ್ಕಾಗಿ ಪ್ರೀತಿಯನ್ನು ಬಲಿ ಕೊಡಲು ಒಮ್ಮೆ ಒಪ್ಪಿದ್ದ ಮನುಷ್ಯ ಅವನು. ಆ ಬಲಿಯೂ ವ್ಯರ್ಥವಾಗಿತ್ತು. ಇನ್ನೂ ಹಿಂದಕ್ಕೆ, 2017ರ ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’ಯ ಎರಡನೇ ಭಾಗಕ್ಕೆ ಹೋಗಿ. ನಿನ್ನ ತಾಯಿಯ ತಲೆಯಲ್ಲಿ ಗಡ್ಡೆ ಇಟ್ಟವನು ನಾನೇ ಎಂದು ತಂದೆ ಈಗೋ ಬಾಯಿಬಿಟ್ಟ ಕ್ಷಣವೇ ಕ್ವಿಲ್ ಬಂದೂಕು ಎತ್ತಿ ಹೊಡೆದಿದ್ದ. ತನ್ನವರನ್ನು ಕೊಂದವನು ಎದುರಿಗಿದ್ದಾಗ ಅವನಿಗೆ ತಡೆದುಕೊಳ್ಳಲು ಆಗುವುದಿಲ್ಲ. ಇದನ್ನು ಚಿತ್ರ ನಮಗೆ ಮೊದಲೇ ತೋರಿಸಿತ್ತು.

ಅಂದರೆ ಅವನು ತಪ್ಪು ಮಾಡಲಿಲ್ಲವೇ? ಮಾಡಿದ. ಏನು ಪಣಕ್ಕಿದೆ ಎಂದು ಅವನಿಗೂ ಗೊತ್ತಿತ್ತು. ಆದರೆ ಅದು ಪಾತ್ರದ ತಪ್ಪು, ಕಥೆಗಾರರ ತಪ್ಪಲ್ಲ. ಕ್ವಿಲ್‌ನಂಥವನು ಅಲ್ಲಿ ಹಾಗೇ ಮಾಡುತ್ತಿದ್ದ. ಚಿತ್ರಕಥೆ ಬರೆದ ಕ್ರಿಸ್ಟೋಫರ್ ಮಾರ್ಕಸ್ ಮತ್ತು ಸ್ಟೀಫನ್ ಮೆಕ್‌ಫೀಲಿ ಅವನ ಸ್ವಭಾವಕ್ಕೆ ನಿಷ್ಠರಾಗಿದ್ದರು. ನಿಮ್ಮ ಜಗಳದಲ್ಲಿ ಒಬ್ಬರು ಅವನು ಹಾಗೆ ಮಾಡಬಾರದಿತ್ತು ಎನ್ನುತ್ತೀರಿ, ಇನ್ನೊಬ್ಬರು ಬರೆದದ್ದು ಸರಿಯಾಗಿದೆ ಎನ್ನುತ್ತೀರಿ. ಇವೆರಡೂ ಒಟ್ಟಿಗೇ ನಿಜವಾಗಬಹುದು. ಯಾವ ಆರೋಪ ಯಾರ ಮೇಲೆ ಎಂದು ಮೊದಲೇ ಗೊತ್ತುಮಾಡಿಕೊಂಡರೆ ನಿಮ್ಮ ಜಗಳದ ಅರ್ಧ ಭಾಗ ಅಲ್ಲೇ ಇತ್ಯರ್ಥವಾಗುತ್ತದೆ.

ಕಥೆಗಾರರನ್ನೇ ಕೇಳಬೇಕಾದ ಪ್ರಶ್ನೆಗಳೂ ಇವೆ, ಅವನ್ನು ಧೈರ್ಯವಾಗಿ ಕೇಳಿ. ಅದೇ ಚಿತ್ರದ ಆರಂಭದಲ್ಲಿ, ನ್ಯೂಯಾರ್ಕಿನಲ್ಲಿ, ವಾಂಗ್ ತನ್ನ ಮಾಂತ್ರಿಕ ದ್ವಾರವನ್ನು ಮುಚ್ಚಿದಾಗ ಥಾನೋಸನ ಬಂಟ ಕಲ್ ಒಬ್ಸಿಡಿಯನ್‌ನ ಕೈ ತುಂಡಾಗಿ ಬೀಳುತ್ತದೆ. ಹಾಗಾದರೆ ಅವನಂತೆಯೇ ಮಾಂತ್ರಿಕನಾದ ಡಾಕ್ಟರ್ ಸ್ಟ್ರೇಂಜ್ ಥಾನೋಸನ ಕೈಯನ್ನು ಹಾಗೆಯೇ ಕತ್ತರಿಸಬಹುದಿತ್ತಲ್ಲ? ಇದು ಹರಟೆಯ ಪ್ರಶ್ನೆಯಲ್ಲ. ಕಥೆ ತಾನೇ ಹಾಕಿಕೊಟ್ಟ ನಿಯಮವನ್ನು ಹಿಡಿದು ಕೇಳಿದ್ದು. ಸ್ಟ್ರೇಂಜ್ 1,40,00,605 ಭವಿಷ್ಯಗಳನ್ನು ನೋಡಿ ಬಂದಿದ್ದ, ಗೆಲುವಿದ್ದದ್ದು ಒಂದರಲ್ಲಿ ಮಾತ್ರ. ಆ ಒಂದು ದಾರಿಯಲ್ಲಿ ಕೈ ಕತ್ತರಿಸುವುದು ಇರಲಿಲ್ಲ ಎಂಬುದು ಸಿಗುವ ಉತ್ತರ. ಆ ಒಂದೇ ಉತ್ತರವನ್ನು ಯಾವ ಪ್ರಶ್ನೆಗೆ ಬೇಕಾದರೂ ಕೊಡಬಹುದು, ಅದೇ ಅದರ ದೌರ್ಬಲ್ಯ. ಇಲ್ಲಿ ಸಂದೇಹಪಡುವುದು ನೋಡುಗರ ಹಕ್ಕು.

ಹಾಗೆಂದು ಸ್ಟ್ರೇಂಜ್‌ನನ್ನು ಬಿಟ್ಟುಬಿಡಬೇಡಿ. ಸ್ಟಾರ್ಕ್ ಮತ್ತು ಸ್ಪೈಡರ್‌ಮ್ಯಾನ್ ಸತ್ತರೂ ಕಾಲದ ಮಣಿಯನ್ನು ಬಿಟ್ಟುಕೊಡುವುದಿಲ್ಲ ಎಂದವನು, ಸ್ಟಾರ್ಕ್‌ನ ಜೀವಕ್ಕೆ ಬದಲಾಗಿ ಅದನ್ನು ಕೊಟ್ಟುಬಿಟ್ಟ. ಆ ಸ್ಟಾರ್ಕ್‌ನೇ ಐದು ವರ್ಷದ ನಂತರ ಸಾಯಬೇಕು ಎಂಬುದು ಅವನಿಗೆ ಗೊತ್ತಿತ್ತು. ಹೇಳಿದರೆ ಅದು ನಡೆಯುವುದೇ ಇಲ್ಲ ಎಂಬುದೂ ಗೊತ್ತಿತ್ತು. ಕ್ವಿಲ್ ಏನನ್ನೂ ಯೋಚಿಸದೆ ಹೊಡೆದ, ಸ್ಟ್ರೇಂಜ್ ಎಲ್ಲವನ್ನೂ ಅರಿತು ಒಬ್ಬನ ಸಾವನ್ನು ಬಾಯಿಬಿಡದೆ ಒಪ್ಪಿದ. ಹೆಚ್ಚು ತಿಳಿದವನ ಹೊಣೆ ಹೆಚ್ಚು ಭಾರದ್ದು. ನಿಮ್ಮ ವಾದದಲ್ಲಿ ಕ್ವಿಲ್‌ಗೆ ಸಿಕ್ಕಷ್ಟು ಹೊತ್ತು ಸ್ಟ್ರೇಂಜ್‌ಗೂ ಸಿಗಲಿ.

ಥೋರ್‌ನನ್ನೂ ಇದೇ ಅಳತೆಯಿಂದ ನೋಡಿ. ಅವನು ಸ್ಟಾರ್ಮ್‌ಬ್ರೇಕರ್ ಕೊಡಲಿಯನ್ನು ಥಾನೋಸನ ಎದೆಗೆ ನೆಟ್ಟ, ತಲೆಗೆ ಬೀಸಲಿಲ್ಲ. ನನ್ನವರನ್ನು ಕೊಂದದ್ದಕ್ಕೆ ನೀನು ಸಾಯುತ್ತೀಯ ಎಂದು ಹೇಳಿದ್ದೆನಲ್ಲ ಎಂದು ನೆನಪಿಸುತ್ತ, ಕೊಡಲಿಯನ್ನು ಇನ್ನೂ ಒಳಕ್ಕೆ ಒತ್ತಿದ. ಅವನಿಗೆ ಥಾನೋಸ್ ಸತ್ತರೆ ಸಾಲದಾಗಿತ್ತು, ತನ್ನ ಕಣ್ಣೆದುರು ನರಳಿ ಸಾಯಬೇಕಾಗಿತ್ತು. ಆ ಎರಡು ಕ್ಷಣದಲ್ಲಿ ಥಾನೋಸ್ ಗಾಂಟ್ಲೆಟ್ ತೊಟ್ಟ ಕೈಯಿಂದ ಚಿಟಿಕೆ ಹೊಡೆದ, ಅರ್ಧ ಜೀವಲೋಕ ಬೂದಿಯಾಯಿತು. ಇದು ಕ್ವಿಲ್‌ನ ತಪ್ಪಿಗಿಂತ ಕಡಿಮೆಯದೇ? ಇಬ್ಬರನ್ನೂ ಸೋಲಿಸಿದ್ದು ದುಃಖದ ಸಿಟ್ಟೇ. ಆದರೂ ಬೈಗುಳವೆಲ್ಲ ಕ್ವಿಲ್‌ಗೆ, ಮೆಚ್ಚುಗೆಯೆಲ್ಲ ಥೋರ್‌ಗೆ. ಒಂದು ಕಣ್ಣಿಗೆ ಬೆಣ್ಣೆ ಇನ್ನೊಂದು ಕಣ್ಣಿಗೆ ಸುಣ್ಣ ಮಾಡಬೇಡಿ. ಪ್ರೀತಿಯ ಪಾತ್ರ ಮಾಡಿದ ತಪ್ಪನ್ನು ತಪ್ಪೆನ್ನಲು ಕಲಿತರೆ ನಾಳೆ ಪ್ರೀತಿಯ ಮನುಷ್ಯರ ವಿಷಯದಲ್ಲೂ ನ್ಯಾಯವಾಗಿ ಯೋಚಿಸಲು ಬರುತ್ತದೆ.

ಥಾನೋಸ್‌ಗೆ ಅಷ್ಟು ಶಕ್ತಿಯಿದ್ದರೆ ಅರ್ಧ ಜನರನ್ನು ಕೊಲ್ಲುವ ಬದಲು ಅನ್ನ, ನೀರು, ನೆಲವನ್ನು ಎರಡು ಪಟ್ಟು ಮಾಡಬಹುದಿತ್ತಲ್ಲ ಎಂಬ ಪ್ರಶ್ನೆ ನನಗೆ ಬಹಳ ಹಿಡಿಸಿದೆ. ಇದಕ್ಕೊಂದು ಲೆಕ್ಕವನ್ನೂ ಸೇರಿಸಿ. 2018ರಲ್ಲಿ ಭೂಮಿಯ ಮೇಲಿದ್ದವರು ಸುಮಾರು 760 ಕೋಟಿ. 1970ರಲ್ಲಿದ್ದವರು ಸುಮಾರು 370 ಕೋಟಿ. ಅರ್ಧಕ್ಕೆ ಇಳಿಸಿದರೂ ನಾವು ಹೋಗಿ ನಿಲ್ಲುವುದು 1970ಕ್ಕೆ. ಅಲ್ಲಿಂದ ಮತ್ತೆ ಇಲ್ಲಿಗೆ ಬರಲು ಅರ್ಧ ಶತಮಾನವೂ ಬೇಕಾಗಲಿಲ್ಲ. ಅವನ ಯೋಜನೆ ಅವನದೇ ಲೆಕ್ಕದಲ್ಲಿ ನಿಲ್ಲುವುದಿಲ್ಲ. ಆದರೆ ಅವನ ಜಾಗದಲ್ಲಿ ನಿಂತು ನೋಡಿ. ಟೈಟನ್ ಹಸಿವಿನಿಂದ ನಾಶವಾಗುವ ಮೊದಲು ಅವನು ಇದೇ ಉಪಾಯ ಹೇಳಿದ್ದ, ಅಲ್ಲಿಯವರು ಹುಚ್ಚನೆಂದರು, ಊರು ಹಾಳಾಯಿತು. ಅಂದು ತಾನು ಹೇಳಿದ್ದೇ ಸರಿ ಎಂದು ಲೋಕದ ಮುಂದೆ ಸ್ಥಾಪಿಸುವುದಷ್ಟೇ ಅವನಿಗೆ ಉಳಿದದ್ದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನಿಗೆ ಹೊಸ ಉತ್ತರ ಹೊಳೆಯುವುದಿಲ್ಲ. ಜಿಮ್ ಸ್ಟಾರ್ಲಿನ್ ಬರೆದ 1991ರ ‘ದ ಇನ್ಫಿನಿಟಿ ಗಾಂಟ್ಲೆಟ್’ ಕಾಮಿಕ್ಸ್‌ನಲ್ಲಿ ಥಾನೋಸ್ ಇದನ್ನೆಲ್ಲ ಮಾಡುವುದು ಸಾವೆಂಬ ದೇವತೆಯ ಮೇಲಿನ ಮೋಹಕ್ಕೆ. ಮೋಹಕ್ಕೆ ಲೆಕ್ಕ ಕೇಳುವವರಿಲ್ಲ. ಚಿತ್ರ ಅವನ ಬಾಯಿಗೆ ತರ್ಕವನ್ನು ಕೊಟ್ಟಿತು, ಆದ್ದರಿಂದಲೇ ನಿಮಗೆ ತರ್ಕದಿಂದ ಎದುರು ನಿಲ್ಲಲು ಸಾಧ್ಯವಾಯಿತು.

ಇಂಥ ವಾದ ನಮ್ಮವರಿಗೆ ಹೊಸದಲ್ಲ. ಕರಾವಳಿ ಮತ್ತು ಮಲೆನಾಡಿನ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕೂತು ಮಾತಿನಲ್ಲೇ ಪಾತ್ರವಾಗುತ್ತಾರೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಎಂದು ವಾಲಿ ಕೇಳುತ್ತಾನೆ, ರಾಮ ಉತ್ತರಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಹಿರಿಯರು ಈ ಕಲೆಯನ್ನು ಎತ್ತರಕ್ಕೆ ಒಯ್ದರು. ವಾಲಿ ಸಾಯುತ್ತಾನೆ ಎಂಬುದು ಎಲ್ಲರಿಗೂ ಗೊತ್ತು, ಅದನ್ನು ಯಾರೂ ಬದಲಿಸುವುದಿಲ್ಲ. ಆದರೆ ವಾಲಿಗೆ ಆ ಹೊತ್ತಿಗೆ ಗೊತ್ತಿಲ್ಲದ್ದನ್ನು ಅವನ ಬಾಯಲ್ಲಿ ಆಡಿಸಿದರೆ ಬಲ್ಲ ಕೇಳುಗರು ಅದನ್ನು ಕುಂದೆಂದೇ ಎಣಿಸುತ್ತಾರೆ. ಇಂದು ವಾಲಿಯಾಗಿ ರಾಮನನ್ನು ಕೆಣಕಿದವರು ಇನ್ನೊಂದು ರಾತ್ರಿ ರಾಮನಾಗಿ ವಾಲಿಗೆ ಉತ್ತರ ಕೊಡುತ್ತಾರೆ. ನೀವೂ ಹಾಗೆ ಮಾಡಿ. ಕ್ವಿಲ್‌ನನ್ನು ಬೈಯುವವರು ಒಂದು ಸಂಜೆ ಅವನ ಪರ ವಾದಿಸಿ, ಅವನ ಪರ ಇದ್ದವರು ಸ್ಟಾರ್ಕ್‌ನ ಕಡೆಯಿಂದ ಮಾತಾಡಿ. ಎದುರಿನ ಪಕ್ಷದ ಬಲ ಏನೆಂದು ಆಗ ತಿಳಿಯುತ್ತದೆ.

ಶ್ರದ್ಧೆಯಿಂದ ಕೇಳಿದ ಪ್ರಶ್ನೆ ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಹಳೆಯದೊಂದು ಉದಾಹರಣೆ ಇದೆ. 1973ರಲ್ಲಿ ‘ದ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಕಾಮಿಕ್ಸ್‌ನ 121ನೇ ಸಂಚಿಕೆಯಲ್ಲಿ ಗ್ರೀನ್ ಗಾಬ್ಲಿನ್ ಗ್ವೆನ್ ಸ್ಟೇಸಿಯನ್ನು ಸೇತುವೆಯಿಂದ ಕೆಡವುತ್ತಾನೆ. ಸ್ಪೈಡರ್‌ಮ್ಯಾನ್ ಬಲೆ ಎಸೆದು ಅವಳ ಕಾಲು ಹಿಡಿಯುತ್ತಾನೆ. ಉಳಿಸಿದೆ ಎಂದು ಹಿಗ್ಗುತ್ತ ಮೇಲಕ್ಕೆಳೆದು ನೋಡಿದರೆ ಅವಳು ಸತ್ತಿರುತ್ತಾಳೆ. ಬಲೆ ಸಿಕ್ಕಿದ ಚಿತ್ರದಲ್ಲಿ ಕತ್ತಿನ ಬಳಿ ಲಟಕ್ ಎಂಬಂಥ ಪುಟ್ಟ ಸದ್ದು ಅಚ್ಚಾಗಿತ್ತು. ಕೊಂದದ್ದು ಬೀಳುವಿಕೆಯೋ ಬಲೆಯೋ ಎಂದು ಓದುಗರು ಕೇಳಿದರು. ಥಟ್ಟನೆ ನಿಂತ ಹೊಡೆತಕ್ಕೆ ಸತ್ತಳು ಎಂದು 125ನೇ ಸಂಚಿಕೆಯ ಪತ್ರಗಳ ಪುಟದಲ್ಲಿ ಉತ್ತರ ಬಂತು. ಮುಂದೆ ಮಿನ್ನೆಸೋಟ ವಿಶ್ವವಿದ್ಯಾಲಯದ ಭೌತಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಕಾಕಲಿಯೋಸ್ ಇದೇ ಪ್ರಸಂಗವನ್ನು ಪಾಠಕ್ಕೆ ಬಳಸಿದರು. 2005ರ ತಮ್ಮ ‘ದ ಫಿಸಿಕ್ಸ್ ಆಫ್ ಸೂಪರ್‌ಹೀರೋಸ್’ ಪುಸ್ತಕದಲ್ಲೂ ವಿವರಿಸಿದರು. ವೇಗವಾಗಿ ಬೀಳುವ ದೇಹವನ್ನು ಎಷ್ಟು ಕಡಿಮೆ ಹೊತ್ತಿನಲ್ಲಿ ನಿಲ್ಲಿಸುತ್ತೇವೋ ಅದರ ಮೇಲೆ ಅಷ್ಟು ಹೆಚ್ಚು ಬಲ ಬೀಳುತ್ತದೆ. ಕಾರಿನ ಏರ್‌ಬ್ಯಾಗ್ ಆ ಹೊತ್ತನ್ನು ಹಿಗ್ಗಿಸಿಯೇ ಜೀವ ಉಳಿಸುವುದು. ಸ್ಪೈಡರ್‌ಮ್ಯಾನ್‌ಗೆ ಆ ಕ್ಷಣದಲ್ಲಿ ಪ್ರೀತಿಯಿತ್ತು, ಚುರುಕಿತ್ತು, ಈ ಲೆಕ್ಕ ಹಾಕಲು ಪುರಸತ್ತಿರಲಿಲ್ಲ. ಅವನನ್ನು ಕೊಲೆಗಾರನೆನ್ನುವ ಮೊದಲು ಇದನ್ನು ನೆನೆಯಬೇಕು.

ಎಲ್ಲ ಪ್ರಶ್ನೆಗೂ ಕೊನೆಯ ಉತ್ತರ ಸಿಗಲೇಬೇಕೆಂಬ ಹಟ ಬೇಡ. ‘ಎಂಡ್‌ಗೇಮ್’ ಕೊನೆಯಲ್ಲಿ ಮಣಿಗಳನ್ನು ಹಿಂದಿರುಗಿಸಲು ಹೋದ ಸ್ಟೀವ್ ರಾಜರ್ಸ್ ಮುದುಕನಾಗಿ ಬೆಂಚಿನ ಮೇಲೆ ಕಾಣಿಸುತ್ತಾನೆ. ಪ್ರೀತಿಸಿದ ಪೆಗ್ಗಿಯ ಜೊತೆ ಅವನು ಬಾಳಿದ್ದು ಯಾವ ಕಾಲಧಾರೆಯಲ್ಲಿ? ಬೇರೆಯದೊಂದರಲ್ಲಿ ಎಂದರು ನಿರ್ದೇಶಕರಾದ ರೂಸೋ ಸಹೋದರರು. ಇದೇ ಧಾರೆಯಲ್ಲಿ ಎಂದರು ಬರೆದ ಮಾರ್ಕಸ್ ಮತ್ತು ಮೆಕ್‌ಫೀಲಿ. ಮಾಡಿದವರೇ ಒಪ್ಪದಿದ್ದಲ್ಲಿ ನೀವಿಬ್ಬರು ಒಪ್ಪದಿದ್ದರೆ ಸ್ನೇಹ ಮುರಿಯಬೇಕಿಲ್ಲ. ಚಿತ್ರದಲ್ಲಿ ಏನಿದೆಯೋ ಅದೇ ಸಾಕ್ಷಿ. ಅದು ಎರಡು ಅರ್ಥಕ್ಕೆ ಎಡೆಕೊಟ್ಟರೆ ಎರಡನ್ನೂ ಇಟ್ಟುಕೊಳ್ಳಿ.

ಕಥೆಯನ್ನು ನಮ್ಮ ಇಷ್ಟದಂತೆ ನಡೆಸಬೇಕು ಎಂಬ ಹಟವೂ ಬೇಡ. 1988ರಲ್ಲಿ ಬ್ಯಾಟ್‌ಮ್ಯಾನ್‌ನ ಜೊತೆಗಾರ ಜೇಸನ್ ಟಾಡ್ ಬದುಕಬೇಕೋ ಸಾಯಬೇಕೋ ಎಂಬುದನ್ನು ಡಿಸಿ ಕಾಮಿಕ್ಸ್ ಓದುಗರ ಫೋನ್ ಕರೆಗೆ ಬಿಟ್ಟಿತು. ಸಾಯಲಿ ಎಂದವರ ಕರೆ 5,343, ಬದುಕಲಿ ಎಂದವರದು 5,271. ಬರೀ 72 ಕರೆಗಳ ಅಂತರದಲ್ಲಿ ಆ ಹುಡುಗ ಸತ್ತ. ಒಂದು ಪಾತ್ರದ ಸಾವು ಅದರ ಬದುಕಿನಿಂದ ಹುಟ್ಟಬೇಕು, ಎಣಿಕೆಯಿಂದಲ್ಲ. ಕೇಳುವ, ಟೀಕಿಸುವ ಅಧಿಕಾರ ನಿಮ್ಮದು. ಬರೆಯುವ ಹೊಣೆ ಬರೆಯುವವರ ಕೈಯಲ್ಲೇ ಇರಲಿ.

ನೋಡದ ಚಿತ್ರದ ಮೇಲೆ ತೀರ್ಪು ಕೊಡಬೇಡಿ. 2019ರಲ್ಲಿ ‘ಕ್ಯಾಪ್ಟನ್ ಮಾರ್ವೆಲ್’ ಬಿಡುಗಡೆಗೆ ಮೊದಲೇ ಅದರ ಮೇಲೆ ದ್ವೇಷದ ಮಾತುಗಳು ಹರಿದು, ಆ ಫೆಬ್ರವರಿಯಲ್ಲಿ ರಾಟನ್ ಟೊಮ್ಯಾಟೋಸ್ ಸಂಸ್ಥೆ ಬಿಡುಗಡೆಗೆ ಮುಂಚಿನ ಅಭಿಪ್ರಾಯಗಳನ್ನೇ ನಿಲ್ಲಿಸಿತು. ಪಾತ್ರದ ಮೇಲಿನ ಸಿಟ್ಟನ್ನು ಆ ಪಾತ್ರ ಮಾಡಿದವರ ಮೇಲೆ, ಅದನ್ನು ಮೆಚ್ಚಿದವರ ಮೇಲೆ ತೀರಿಸುವುದು ವಾದವಲ್ಲ, ಹಿಂಸೆ.

‘ಎಂಡ್‌ಗೇಮ್’ನಲ್ಲಿ ಥೋರ್ ಹೊಟ್ಟೆ ಬೆಳೆಸಿಕೊಂಡು, ಕುಡಿಯುತ್ತ, ಮನೆ ಬಿಟ್ಟು ಹೊರಬರದೆ ಕೂತಾಗ ಚಿತ್ರಮಂದಿರಗಳಲ್ಲಿ ನಗೆಯೆದ್ದಿತ್ತು. ತಂದೆ, ತಾಯಿ, ತಮ್ಮ, ಗೆಳೆಯ, ತನ್ನ ಅರ್ಧ ಪ್ರಜೆಗಳು, ಎಲ್ಲರನ್ನೂ ಕಳೆದುಕೊಂಡು, ನಾನು ತಲೆಗೆ ಹೊಡೆಯಬೇಕಿತ್ತು ಎಂದು ಪ್ರತಿದಿನ ಕೊರಗುವವನು ಹಾಗಾಗದೆ ಇನ್ನು ಹೇಗಾಗಬೇಕು? ನಿಮ್ಮ ಗುಂಪಿನಲ್ಲೂ ಯಾರಾದರೂ ಅಂಥದ್ದೇ ಕೊರಗನ್ನು ಒಳಗಿಟ್ಟುಕೊಂಡು ಕೂತಿರಬಹುದು. ಥೋರ್‌ನ ಬಗ್ಗೆ ನೀವು ಆಡುವ ಮಾತನ್ನು ಅವರು ತಮ್ಮ ಬಗ್ಗೆ ಆಡಿದ್ದೆಂದೇ ಕೇಳಿಸಿಕೊಳ್ಳುತ್ತಾರೆ. ಆದ್ದರಿಂದ ಚೆನ್ನಾಗಿ ವಾದಿಸಿ, ಬಿಡದೆ ವಾದಿಸಿ, ಆದರೆ ಕರುಣೆಯನ್ನು ಬಿಟ್ಟುಕೊಡಬೇಡಿ. ಮುಂದಿನ ಚಿತ್ರ ನೋಡಿ ಹೊರಬಂದಾಗ, ಅವನು ಹಾಗೇಕೆ ಮಾಡಿದ ಎಂಬ ಪ್ರಶ್ನೆಯನ್ನು ನಿಜವಾಗಿಯೂ ಉತ್ತರ ಬೇಕೆಂದು ಕೇಳಿ. ತೆರೆಯ ಮೇಲಿನವರನ್ನು ಹಾಗೆ ಕೇಳಿ ರೂಢಿಯಾದವರು ಮನೆಯವರನ್ನೂ ಗೆಳೆಯರನ್ನೂ ಬೈಯುವ ಮೊದಲು ಅದೇ ಪ್ರಶ್ನೆ ಕೇಳುತ್ತಾರೆ.