ಮನೆಯಲ್ಲಿ ಬೈಬಲ್ ಇದೆ, ಓದುವವರು ಯಾರು?

ನಿಮ್ಮ ಮನೆಯ ಬೈಬಲ್ ಈಗ ಎಲ್ಲಿದೆ? ಎದ್ದು ಹೋಗಿ ನೋಡದೆ ಉತ್ತರ ಹೇಳಲು ಸಾಧ್ಯವೇ?

ಬಹುಪಾಲು ಕಥೋಲಿಕ ಮನೆಗಳಲ್ಲಿ ಒಂದು ಬೈಬಲ್ ಇದ್ದೇ ಇರುತ್ತದೆ. ಮದುವೆಯ ದಿನ ಗುರುಗಳು ಕೊಟ್ಟದ್ದು, ಮಗಳ ಪ್ರಥಮ ಪರಮಪ್ರಸಾದಕ್ಕೆ ಬಂದ ಉಡುಗೊರೆ, ಇಲ್ಲವೇ ಅಜ್ಜಿಯ ಕಾಲದ್ದು. ಪವಿತ್ರ ಹೃದಯದ ಪಟದ ಕೆಳಗೆ, ಪ್ಲಾಸ್ಟಿಕ್ ಹೂವಿನ ಪಕ್ಕದಲ್ಲಿ ಅದಕ್ಕೆ ಗೌರವದ ಜಾಗವಿದೆ. ತೆರೆದರೆ ಒಳಗೆ ಒಣಗಿದ ಗರಿಯ ತುಂಡು, ತೀರಿಕೊಂಡವರ ಸ್ಮರಣೆಯ ಚೀಟಿ, ಮಕ್ಕಳು ಹುಟ್ಟಿದ ದಿನಾಂಕ, ಕೆಲವೊಮ್ಮೆ ಹಳೆಯ ಕರೆಂಟ್ ಬಿಲ್ಲು ಸಿಗುತ್ತವೆ. ಜೋಪಾನ ಮಾಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ನಮ್ಮ ತಾಯಂದಿರು ನಂಬಿದ್ದಾರೆ. ಕಾರಣವೂ ಇದೆ: ಅದನ್ನು ಯಾರೂ ತೆರೆಯುವುದಿಲ್ಲ ಎಂಬುದು ಅವರಿಗೆ ಗೊತ್ತು!

ಪವಿತ್ರ ಗ್ರಂಥ ದೇವರ ಮನೆಯಲ್ಲೇ ಕಳೆದುಹೋದ ಕಥೆ ಬೈಬಲಿನಲ್ಲೇ ಇದೆ. ಅರಸುಗಳ ಎರಡನೆಯ ಗ್ರಂಥದ 22ನೆಯ ಅಧ್ಯಾಯ ತೆರೆಯಿರಿ. ಯೋಷೀಯ ಅರಸನ ಆಳ್ವಿಕೆಯ ಹದಿನೆಂಟನೆಯ ವರ್ಷ. ಜೆರುಸಲೇಮಿನ ದೇವಾಲಯದ ದುರಸ್ತಿ ನಡೆಯುತ್ತಿದೆ. ಬಡಗಿಗಳಿಗೆ, ಗಾರೆಯವರಿಗೆ ಕೂಲಿ ಲೆಕ್ಕ ಹಾಕುವ ಗಡಿಬಿಡಿಯ ನಡುವೆ ಪ್ರಧಾನ ಯಾಜಕ ಹಿಲ್ಕೀಯನ ಕೈಗೆ ಧರ್ಮಶಾಸ್ತ್ರದ ಗ್ರಂಥ ಸಿಗುತ್ತದೆ. ಅದನ್ನು ಯಾರೂ ಕದ್ದಿರಲಿಲ್ಲ, ಶತ್ರುಗಳು ಹೊತ್ತೊಯ್ದಿರಲಿಲ್ಲ. ಬಲಿ ನಡೆಯುತ್ತಿತ್ತು, ಹಬ್ಬಗಳಾಗುತ್ತಿದ್ದವು, ಕಾಣಿಕೆ ಪೆಟ್ಟಿಗೆ ತುಂಬುತ್ತಿತ್ತು, ಗ್ರಂಥ ಮಾತ್ರ ಎಲ್ಲೋ ಮೂಲೆಯಲ್ಲಿತ್ತು. ಕಾರ್ಯದರ್ಶಿ ಶಾಫಾನ ಅದನ್ನು ಓದಿ ಹೇಳಿದಾಗ ಅರಸ ತನ್ನ ಬಟ್ಟೆ ಹರಿದುಕೊಂಡ. ಅಷ್ಟು ವರ್ಷ ಮನೆಯಲ್ಲೇ ಇದ್ದ ಮಾತು ಅವನಿಗೆ ಹೊಸದಾಗಿತ್ತು. ನಂತರ ಅವನು ಚಿಕ್ಕವರು ದೊಡ್ಡವರೆನ್ನದೆ ಎಲ್ಲರನ್ನೂ ಸೇರಿಸಿ ಗ್ರಂಥವನ್ನು ಗಟ್ಟಿಯಾಗಿ ಓದಿಸಿದ.

ಲೌಕಿಕತೆ ಬೆಳೆಯುತ್ತಿದೆ, ಜನರಿಗೆ ದೇವರ ಭಯವಿಲ್ಲ ಎಂದು ಪ್ರಬೋಧನೆಗಳಲ್ಲಿ ಕೇಳುತ್ತೇವೆ. ಯೂರೋಪಿನಲ್ಲಿ ಆ ಮಾತಿಗೆ ಒಂದು ಅರ್ಥ, ನಮ್ಮಲ್ಲಿ ಇನ್ನೊಂದು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ದೇವರಿಲ್ಲ ಎಂದು ವಾದಿಸುವವರನ್ನು ಹುಡುಕಿಕೊಂಡು ಹೋಗಬೇಕು. ನಮ್ಮ ಮನೆಯ ಬಾಗಿಲಿಗೆ ನಾಸ್ತಿಕ ಬರುವುದಿಲ್ಲ, ಬರುವುದು ಷಿಫ್ಟಿನ ಬಸ್ಸು. ನರಸಾಪುರವನ್ನೇ ನೋಡಿ. ಬೆಂಗಳೂರು ಕೋಲಾರ ಹೆದ್ದಾರಿಯ ಪಕ್ಕದಲ್ಲಿ ರಾಗಿ ಬೆಳೆಯುತ್ತಿದ್ದ, ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಸೀಮೆ. ಕೈಗಾರಿಕಾ ಪ್ರದೇಶ ಬಂತು. 2013ರಲ್ಲಿ ಹೋಂಡಾ ದ್ವಿಚಕ್ರ ವಾಹನಗಳ ಕಾರ್ಖಾನೆ ಆರಂಭವಾಯಿತು. ಐಫೋನ್ ಜೋಡಿಸುವ ವಿಸ್ಟ್ರಾನ್ ಕಾರ್ಖಾನೆ ಬಂತು, 2023ರಲ್ಲಿ ಅದು ಟಾಟಾ ಸಂಸ್ಥೆಗೆ ಸೇರಿತು. ದುಡಿಮೆ ಸಿಕ್ಕಿತು, ಮಕ್ಕಳ ಫೀಸು ಕಟ್ಟಲು ದಾರಿಯಾಯಿತು. ಅದನ್ನು ಹಳಿಯುವುದು ಸರಿಯಲ್ಲ. ಆದರೆ ದೀಪ ಹಚ್ಚುವ ಹೊತ್ತಿಗೆ ಮನೆಮಂದಿಯೆಲ್ಲ ಕೂಡಿ ಜಪಸರ ಹೇಳುತ್ತಿದ್ದ ಮನೆಯಲ್ಲಿ ಈಗ ಅಪ್ಪ ಬೆಳಗಿನ ಪಾಳಿ, ಮಗಳು ರಾತ್ರಿ ಪಾಳಿ. ಒಬ್ಬರು ಬರುವಾಗ ಇನ್ನೊಬ್ಬರು ಚಪ್ಪಲಿ ಮೆಟ್ಟುತ್ತಾರೆ. ಕೆ.ಜಿ.ಎಫ್. ಕಡೆಯವರಿಗೆ ಇದು ಹಳೆಯ ಪಾಠ. 2001ರ ಫೆಬ್ರವರಿಯಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಎಷ್ಟೋ ಕುಟುಂಬಗಳ ಜೀವನ ಬೆಂಗಳೂರಿನ ರೈಲಿನ ವೇಳಾಪಟ್ಟಿಗೆ ಹೊಂದಿಕೊಂಡಿತು.

ಸೆಕ್ಯುಲರ್ ಎಂಬ ಪದಕ್ಕೆ ನಮ್ಮ ದೇಶದಲ್ಲಿ ಇನ್ನೊಂದು ಅರ್ಥವಿದೆ, ಅದು ನಮ್ಮ ವಿರೋಧಿಯಲ್ಲ. ಸಂವಿಧಾನದ 25ನೆಯ ವಿಧಿ ಪ್ರತಿಯೊಬ್ಬರಿಗೂ ತನ್ನ ಧರ್ಮವನ್ನು ನಂಬಲು, ಆಚರಿಸಲು, ಪ್ರಚಾರ ಮಾಡಲು ಹಕ್ಕು ಕೊಟ್ಟಿದೆ. 28ನೆಯ ವಿಧಿಯ ಪ್ರಕಾರ ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಇರಬಾರದು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲೂ ಒಪ್ಪಿಗೆಯಿಲ್ಲದೆ ಯಾರನ್ನೂ ಅದಕ್ಕೆ ಕೂರಿಸುವಂತಿಲ್ಲ. ಚಿಕ್ಕ ಮಕ್ಕಳಾದರೆ ಪಾಲಕರ ಒಪ್ಪಿಗೆ ಬೇಕು. 2022ರ ಏಪ್ರಿಲಿನಲ್ಲಿ ಬೆಂಗಳೂರಿನ ಕ್ಲಾರೆನ್ಸ್ ಪ್ರೌಢಶಾಲೆಯ ಪ್ರವೇಶ ಅರ್ಜಿಯಲ್ಲಿ ಬೈಬಲ್ ತರುವುದಕ್ಕೆ ಪಾಲಕರ ಒಪ್ಪಿಗೆ ಕೇಳಿದ್ದರ ಬಗ್ಗೆ ದೊಡ್ಡ ವಿವಾದವೇ ಎದ್ದಿತು. ಯಾರು ಸರಿ ಯಾರು ತಪ್ಪು ಎಂಬ ಚರ್ಚೆ ಟೀವಿಯಲ್ಲಿ ಬೇಕಾದಷ್ಟು ಆಯಿತು. ನನಗೆ ಅನ್ನಿಸಿದ್ದು ಇಷ್ಟೇ: ಅನ್ಯಧರ್ಮದ ಮಕ್ಕಳ ಚೀಲದಲ್ಲಿ ಬೈಬಲ್ ಇರಬೇಕೇ ಎಂದು ನಾವೂ ಬಿಸಿಬಿಸಿಯಾಗಿ ಮಾತಾಡಿದೆವು, ನಮ್ಮ ಮಕ್ಕಳ ಚೀಲದಲ್ಲಿ ಇದೆಯೇ ಎಂದು ಯಾರೂ ಕೇಳಲಿಲ್ಲ. ಶಾಲೆ ಕಲಿಸಲಿ ಎಂದು ಬಿಟ್ಟುಬಿಡುವ ಕಾಲ ಇದಲ್ಲ. ಭಾನುವಾರದ ಧರ್ಮೋಪದೇಶ ತರಗತಿಯ ಒಂದು ಗಂಟೆ ಸಾಲದು. ಉಳಿದಿರುವುದು ಮನೆ.

ಇನ್ನು ಭಯದ ವಿಷಯ. ಅದನ್ನು ಮುಚ್ಚಿಟ್ಟು ಬರೆಯುವುದು ನ್ಯಾಯವಲ್ಲ. 2021ರ ಡಿಸೆಂಬರಿನಲ್ಲಿ ನಮ್ಮ ಕೋಲಾರ ಜಿಲ್ಲೆಯಲ್ಲೇ, ಮನೆಮನೆಗೆ ಹಂಚುತ್ತಿದ್ದ ಕ್ರೈಸ್ತ ಪುಸ್ತಿಕೆಗಳನ್ನು ಕೆಲವರು ಕಿತ್ತುಕೊಂಡು ಸುಟ್ಟರೆಂದು ಪತ್ರಿಕೆಗಳಲ್ಲಿ ಬಂತು. ಇಂಥ ಸುದ್ದಿ ಓದಿದಾಗ ಬಾಡಿಗೆ ಮನೆಯಲ್ಲಿರುವ ಕುಟುಂಬಕ್ಕೆ, ನಾಲ್ಕು ಜನ ಹುಡುಗಿಯರ ನಡುವೆ ಪಿ.ಜಿ. ಕೋಣೆಯಲ್ಲಿರುವ ನಮ್ಮ ಮಗಳಿಗೆ, ಬೈಬಲನ್ನು ಟ್ರಂಕಿನ ತಳಕ್ಕೆ ಸೇರಿಸೋಣ ಎನ್ನಿಸುವುದು ಸಹಜ. ಮಕ್ಕಬಿಯರ ಮೊದಲನೆಯ ಗ್ರಂಥದ ಮೊದಲ ಅಧ್ಯಾಯ ಓದಿ. ಅಂತಿಯೋಕ ಅರಸನ ಅಧಿಕಾರಿಗಳು ಧರ್ಮಗ್ರಂಥಗಳನ್ನು ಹರಿದು ಸುಟ್ಟರು, ಗ್ರಂಥ ಇಟ್ಟುಕೊಂಡವರಿಗೆ ಮರಣದಂಡನೆ ವಿಧಿಸಿದರು. ಕ್ರಿ.ಶ. 303ರಲ್ಲಿ ರೋಮ್ ಚಕ್ರವರ್ತಿ ದಿಯೊಕ್ಲೇಶಿಯನ್ ಕ್ರೈಸ್ತರ ಗ್ರಂಥಗಳನ್ನು ಸುಡಲು ಆಜ್ಞೆ ಹೊರಡಿಸಿದ. ಹೆದರಿ ಗ್ರಂಥವನ್ನು ಒಪ್ಪಿಸಿದವರೂ ಇದ್ದರು, ಪ್ರಾಣವನ್ನೇ ಒಪ್ಪಿಸಿದವರೂ ಇದ್ದರು. ಅಚ್ಚಿನ ಯಂತ್ರವಿಲ್ಲದ ಕಾಲ, ಒಂದು ಪ್ರತಿ ಸಿದ್ಧವಾಗಲು ಎಷ್ಟೋ ದಿನ ಕೈಯಲ್ಲಿ ಬರೆಯಬೇಕಿತ್ತು. ಅವರು ಉಳಿಸಿದ್ದೇ ನಮ್ಮ ಮನೆಯ ಬೀರುವಿನಲ್ಲಿದೆ.

ಹಾಗಾದರೆ ಆ ಮಗಳು ಏನು ಮಾಡಬೇಕು? ದಿಂಬಿನ ಪಕ್ಕ ಇಟ್ಟುಕೊಂಡು ಮಲಗುವ ಮುನ್ನ ಐದು ನಿಮಿಷ ಓದಲಿ. ಯಾರಾದರೂ ಏನದು ಎಂದು ಕೇಳಿದರೆ ಇದು ನಮ್ಮ ಧರ್ಮಗ್ರಂಥ ಎಂದು ಸರಳವಾಗಿ ಹೇಳಲಿ. ಬಚ್ಚಿಡುವುದೂ ಬೇಡ, ಮುಖಕ್ಕೆ ಹಿಡಿಯುವುದೂ ಬೇಡ. ಜೊತೆಯವಳು ಮಂಕುತಿಮ್ಮನ ಕಗ್ಗ ಓದುತ್ತಿದ್ದರೆ ಅದನ್ನೂ ವಿಚಾರಿಸಲಿ. ಅದನ್ನು ಬರೆದ ಡಿ.ವಿ.ಜಿ. ಮುಳಬಾಗಿಲಿನವರೇ ತಾನೇ!

ನಾವು ಕಥೋಲಿಕರು ಬೈಬಲ್ ಓದುವುದರಲ್ಲಿ ಹಿಂದೆ ಬಿದ್ದದ್ದಕ್ಕೆ ಚರಿತ್ರೆಯಲ್ಲೂ ಕಾರಣವಿದೆ. ಮೈಸೂರು ಸೀಮೆಯಲ್ಲಿ ಬಹುಕಾಲ ದುಡಿದ ಫ್ರೆಂಚ್ ಗುರು ಅಬ್ಬೆ ದುಬೊಯಿಸ್ ಅವರ ಹೆಸರು ಕೇಳಿರಬಹುದು. ಜನರಂತೆಯೇ ಉಟ್ಟು, ಜನರ ನಡುವೆ ಬಾಳಿ, ಸಿಡುಬಿನ ಲಸಿಕೆ ಹಾಕಿಸಲು ಹಳ್ಳಿ ಹಳ್ಳಿ ತಿರುಗಿದವರು. 1823ರಲ್ಲಿ ಅವರು ಭಾರತ ಬಿಟ್ಟು ಹೋದರು, ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳು ಪುಸ್ತಕವಾಗಿ ಹೊರಬಂದವು. ಬೈಬಲನ್ನು ಇಲ್ಲಿನ ಭಾಷೆಗಳಿಗೆ ಅನುವಾದಿಸಿ ಹಂಚುವುದರಿಂದ ಪ್ರಯೋಜನವಿಲ್ಲ, ಸಿದ್ಧತೆಯಿಲ್ಲದೆ ಓದಿದವರು ತಪ್ಪಾಗಿಯೇ ತಿಳಿದಾರು ಎಂದು ಅದರಲ್ಲಿ ಅವರು ವಾದಿಸಿದರು. ಅದೇ ಕಾಲದಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡ ಅನುವಾದಕ್ಕೆ ಕೂತಿದ್ದರು. 1831ರ ಹೊತ್ತಿಗೆ ಕನ್ನಡದಲ್ಲಿ ಸಂಪೂರ್ಣ ಬೈಬಲ್ ಅಚ್ಚಾಗಿತ್ತು. ದುಬೊಯಿಸರ ಆತಂಕದಲ್ಲಿ ಹುರುಳಿಲ್ಲದಿರಲಿಲ್ಲ. ವಿವರಿಸುವವರಿಲ್ಲದ ಓದು ಎಷ್ಟು ಪಂಗಡಗಳಿಗೆ ಕಾರಣವಾಗಿದೆ ಎಂದು ನೋಡುತ್ತಿದ್ದೇವೆ. ಆದರೆ ಓದು ಕಷ್ಟವೆಂದು ಗ್ರಂಥವನ್ನೇ ದೂರವಿಟ್ಟರೆ ಕಷ್ಟ ಕಡಿಮೆಯಾಗುವುದಿಲ್ಲ. ನಮ್ಮ ಪ್ರೊಟೆಸ್ಟೆಂಟ್ ಸಹೋದರರ ಮನೆಗಳಲ್ಲಿ ಸತ್ಯವೇದ ದಿನನಿತ್ಯದ ಓದಾಯಿತು. ನಮ್ಮಲ್ಲಿ ಜಪಸರ, ನವೇನ, ಹಬ್ಬದ ತೇರು ಉಳಿದವು. ಬಲಿಪೂಜೆಯೇ ಲತೀನಿನಲ್ಲಿತ್ತು.

1965ರ ನವೆಂಬರ್ 18ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಪ್ರಕಟಣೆಯ ಬಗ್ಗೆ ದೇಯಿ ವೆರ್ಬುಮ್ ಎಂಬ ದಸ್ತಾವೇಜನ್ನು ಹೊರಡಿಸಿ ಈ ಬಾಗಿಲು ತೆರೆಯಿತು. ಪವಿತ್ರ ಗ್ರಂಥ ಎಲ್ಲ ವಿಶ್ವಾಸಿಗಳ ಕೈಗೆ ಸುಲಭವಾಗಿ ಎಟುಕಬೇಕು, ಬೇರ್ಪಟ್ಟ ಸಹೋದರರ ಜೊತೆ ಸೇರಿಯೂ ಅನುವಾದ ಮಾಡಬಹುದು ಎಂದಿತು. ಬೈಬಲ್ ಅರಿಯದವನಿಗೆ ಕ್ರಿಸ್ತರ ಅರಿವಿಲ್ಲ ಎಂಬ ಅರ್ಥದ ಸಂತ ಜೆರೋಮರ ಮಾತನ್ನು ಅಲ್ಲಿ ನೆನಪಿಸಲಾಗಿದೆ. 2019ರ ಸೆಪ್ಟೆಂಬರ್ 30ರಂದು, ಅದೇ ಸಂತರ ಹಬ್ಬದ ದಿನ, ಪೋಪ್ ಫ್ರಾನ್ಸಿಸರು ಸಾಧಾರಣ ಕಾಲದ ಮೂರನೆಯ ಭಾನುವಾರವನ್ನು ದೇವರ ವಾಕ್ಯದ ಭಾನುವಾರವೆಂದು ಗೊತ್ತುಮಾಡಿದರು.

ಈಗ ಕೊಳ್ಳುವ ಮಾತು. ನಿಮ್ಮಲ್ಲಿರುವ ಬೈಬಲಿನ ಪರಿವಿಡಿ ನೋಡಿ. ತೋಬಿತ, ಯೂದಿತ, ಸುಜ್ಞಾನ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಗ್ರಂಥಗಳು ಇವೆಯೇ? ಇದ್ದರೆ ಅದು 73 ಗ್ರಂಥಗಳ ಕಥೋಲಿಕ ಬೈಬಲ್. ಇಲ್ಲದಿದ್ದರೆ 66 ಗ್ರಂಥಗಳದ್ದು. ಅದನ್ನೇನೂ ಬಿಸಾಡಬೇಡಿ, ಶುಭಸಂದೇಶ ಅಲ್ಲೂ ಅದೇ. ಆದರೆ ಮುಂದಿನ ಬಾರಿ ಕೊಳ್ಳುವಾಗ ಪೂರ್ತಿಯದ್ದನ್ನು ಕೇಳಿ. ಭಾರತದ ಬೈಬಲ್ ಸೊಸೈಟಿ ಈ ಗ್ರಂಥಗಳನ್ನೂ ಸೇರಿಸಿದ ಸರಳ ಕನ್ನಡದ ಬೈಬಲನ್ನು ತಂದಿದೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತೊಡಕುಂಟು. ಅಜ್ಜಿ ಓದುವುದು ತಮಿಳು, ಅಮ್ಮನ ಮಾತು ತೆಲುಗು, ಅಪ್ಪನಿಗೆ ಕನ್ನಡ, ಮಗ ಇಂಗ್ಲಿಷ್ ಮೀಡಿಯಂ. ಮನೆಗೆ ಒಂದೇ ಬೈಬಲ್ ಸಾಲದು ಎಂದರೆ ದುಬಾರಿಯಾಯಿತು ಎನ್ನಬೇಡಿ. ಒಂದು ಮನೆಯಲ್ಲಿ ಎಷ್ಟು ಮೊಬೈಲ್ ಇವೆ ಎಂದು ಎಣಿಸಿ, ಆಮೇಲೆ ಮಾತಾಡೋಣ. ಮಗುವಿಗೆ ತಾನೇ ಓದಬಲ್ಲ ಭಾಷೆಯಲ್ಲಿ ತನ್ನದೇ ಆದ ಒಂದು ಪ್ರತಿ ಬೇಕು, ಅದರ ಮೇಲೆ ತನ್ನ ಹೆಸರು ಬರೆದಿರಬೇಕು. ಪೆನ್ಸಿಲಿನಲ್ಲಿ ಗೆರೆ ಎಳೆಯಲಿ, ಪುಟ ಮಡಿಸಲಿ, ಬೈಯಬೇಡಿ.

ಓದುವುದು ಹೇಗೆ? ಬಹಳ ಜನ ಹೊಸ ವರ್ಷದಂದು ಆದಿಕಾಂಡದಿಂದ ಆರಂಭಿಸಿ, ಯಾಜಕಕಾಂಡದ ಬಲಿವಿಧಿಗಳ ನಡುವೆ ದಾರಿ ತಪ್ಪಿ, ಫೆಬ್ರವರಿಯಲ್ಲಿ ನಿಲ್ಲಿಸುತ್ತಾರೆ. ಮಾರ್ಕನ ಶುಭಸಂದೇಶದಿಂದ ಆರಂಭಿಸಿ. ಹದಿನಾರೇ ಅಧ್ಯಾಯ, ದಿನಕ್ಕೆ ಅರ್ಧ ಓದಿದರೂ ಸುಮಾರು ಒಂದು ತಿಂಗಳಲ್ಲಿ ಮುಗಿಯುತ್ತದೆ. ಗಟ್ಟಿಯಾಗಿ ಓದಿ. ನಮ್ಮ ಊರುಗಳಲ್ಲಿ ಕುಮಾರವ್ಯಾಸನ ಭಾರತವನ್ನು ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಅಕ್ಷರ ಬಾರದವರೂ ಕೇಳಿ ಕಥೆಯನ್ನು ಬಾಯಲ್ಲಿಟ್ಟುಕೊಳ್ಳುತ್ತಾರೆ. ಆ ಗಮಕದ ಕ್ರಮ ನಮಗೆ ಹೊರಗಿನದಲ್ಲ. ನೆಹೆಮೀಯನ ಗ್ರಂಥದ 8ನೆಯ ಅಧ್ಯಾಯದಲ್ಲಿ ಎಜ್ರನು ಬೆಳಗಿನಿಂದ ಮಧ್ಯಾಹ್ನದವರೆಗೆ ಓದಿದ್ದು, ಲೇವಿಯರು ಜನರಿಗೆ ಅರ್ಥ ಬಿಡಿಸಿ ಹೇಳಿದ್ದು ಹೀಗೆಯೇ. ಮನೆಯಲ್ಲಿ ಮಗ ಓದಲಿ, ಅಜ್ಜಿ ವಿವರಿಸಲಿ. ಅಜ್ಜಿಗೆ ಓದು ಬಾರದಿದ್ದರೂ ಅನುಭವವಿದೆ. ಅರ್ಥವಾಗದ್ದನ್ನು ಬರೆದಿಟ್ಟುಕೊಂಡು ಭಾನುವಾರ ಪೂಜೆಯ ಬಳಿಕ ಗುರುಗಳನ್ನು ಕೇಳಿ. ಅವರಿಗೂ ಸಂತೋಷವಾದೀತು, ಸಾಮಾನ್ಯವಾಗಿ ಅವರನ್ನು ಕೇಳುವುದು ಸರ್ಟಿಫಿಕೇಟು ಮಾತ್ರ!

ಪಾಳಿಯ ಕೆಲಸದವರಿಗೆ ಪ್ರೇಷಿತರ ಕಾರ್ಯಕಲಾಪಗಳ 8ನೆಯ ಅಧ್ಯಾಯವನ್ನು ಹೇಳುತ್ತೇನೆ. ಇಥಿಯೋಪಿಯದ ರಾಣಿಯ ಖಜಾನೆ ನೋಡಿಕೊಳ್ಳುತ್ತಿದ್ದ ಅಧಿಕಾರಿ, ದೂರದ ಪ್ರಯಾಣ, ರಥದಲ್ಲಿ ಕುಳಿತು ಯೆಶಾಯನ ಗ್ರಂಥ ಓದುತ್ತಿದ್ದಾನೆ. ಬಾಯಿಬಿಟ್ಟು ಓದುತ್ತಿದ್ದುದರಿಂದಲೇ ಫಿಲಿಪನಿಗೆ ಕೇಳಿಸಿತು. ತಿಳಿಯಿತೇ ಎಂದು ಕೇಳಿದರೆ, ಯಾರೂ ಹೇಳಿಕೊಡದೆ ಹೇಗೆ ತಿಳಿಯುವುದು ಎಂದ. ನಾಚಿಕೆಪಡಲಿಲ್ಲ. ಕಂಪನಿಯ ಬಸ್ಸಿನಲ್ಲೂ ಹಾಗೆ ಓದಬಹುದು. ಕನ್ನಡ ಬೈಬಲ್ ಮೊಬೈಲಿನಲ್ಲಿ ಸಿಗುತ್ತದೆ, ಇಯರ್‌ಫೋನಿನಲ್ಲಿ ಕೇಳಲೂ ಸಿಗುತ್ತದೆ. ರಾತ್ರಿ ಪಾಳಿ ಮುಗಿಸಿ ಕಣ್ಣು ಉರಿಯುವಾಗ ಕೇಳುವುದೇ ಮೇಲು. ಆದರೆ ಫೋನಿನ ಬೈಬಲಿಗೆ ಒಂದು ದೋಷ: ಮೂರನೆಯ ವಚನಕ್ಕೆ ಬರುವಷ್ಟರಲ್ಲಿ ವಾಟ್ಸಾಪ್ ಕರೆಯುತ್ತದೆ. ಮನೆಯಲ್ಲಿ ಪುಸ್ತಕವನ್ನೇ ಹಿಡಿಯಿರಿ.

ಮಾರ್ಕನ ನಂತರ ಕುಟುಂಬವಾಗಿ ಓದಲು ತೋಬಿತನ ಗ್ರಂಥವನ್ನು ಆರಿಸಿಕೊಳ್ಳಿ, ಹದಿನಾಲ್ಕು ಅಧ್ಯಾಯ, ಎರಡು ವಾರದ ಓದು. ನಿನೆವೆಯೆಂಬ ಪರದೇಶದ ಪಟ್ಟಣ, ಸುತ್ತಲೂ ಬೇರೆ ದೇವರ, ಬೇರೆ ನಡೆಯ ಜನ. ಅಲ್ಲಿ ತೋಬಿತ ಹಸಿದವರಿಗೆ ಅನ್ನ ಕೊಡುತ್ತಾನೆ, ಅನಾಥ ಹೆಣಗಳನ್ನು ಹೂಳುತ್ತಾನೆ, ಅದಕ್ಕಾಗಿ ಆಸ್ತಿ ಕಳೆದುಕೊಳ್ಳುತ್ತಾನೆ, ಮುಂದೆ ದೃಷ್ಟಿಯೂ ಹೋಗುತ್ತದೆ. ಹೆಂಡತಿ ಅನ್ನ ನೇಯ್ಗೆಯ ಕೂಲಿ ಮಾಡಿ ಮನೆ ನಡೆಸುತ್ತಾಳೆ. ಕೂಲಿಯ ಜೊತೆ ಬಂದ ಒಂದು ಮೇಕೆಮರಿಯ ವಿಷಯಕ್ಕೆ ಗಂಡ ಅನುಮಾನಪಡುತ್ತಾನೆ, ಜಗಳವಾಗುತ್ತದೆ. ಮಗ ಹಣ ತರಲು ದೂರದೂರಿಗೆ ಹೊರಡುತ್ತಾನೆ. ನಾಯಿಯೂ ಜೊತೆಗೆ ಹೋಗುತ್ತದೆ. ತಾಯಿ ದಿನವೂ ದಾರಿ ನೋಡುತ್ತಾಳೆ. ನರಸಾಪುರದ ಬಸ್ ನಿಲ್ದಾಣದಲ್ಲಿ ರಾತ್ರಿ ಪಾಳಿಯ ಮಗಳಿಗಾಗಿ ಕಾಯುವ ತಾಯಿಗೆ ಈ ಅಧ್ಯಾಯವನ್ನು ಯಾರೂ ವಿವರಿಸಬೇಕಾಗಿಲ್ಲ.

ಹರಿದುಹೋದ ಹಳೆಯ ಬೈಬಲನ್ನು ಏನು ಮಾಡುವುದು ಎಂಬುದು ಹಲವರ ಪ್ರಶ್ನೆ. ಬೈಂಡು ಹಾಕಿಸಲು ಬರುವಂತಿದ್ದರೆ ಹಾಕಿಸಿ. ಪುಟಗಳೇ ಪುಡಿಯಾಗುತ್ತಿದ್ದರೆ ರದ್ದಿಗೆ ಕೊಡಬೇಡಿ. ಗೌರವದಿಂದ ಮಣ್ಣಿನಲ್ಲಿ ಹೂಳಿ, ಇಲ್ಲವೇ ಹಳೆಯ ಗರಿಗಳನ್ನು ಸುಡುವ ಹಾಗೆ ಸುಟ್ಟು ಬೂದಿಯನ್ನು ಗಿಡದ ಬುಡಕ್ಕೆ ಹಾಕಿ. ಅದಕ್ಕೆ ಮುಂಚೆ ಮೊದಲ ಪುಟದಲ್ಲಿ ಅಜ್ಜ ಬರೆದಿಟ್ಟ ಹುಟ್ಟು, ಮದುವೆ, ಮರಣದ ದಿನಾಂಕಗಳನ್ನು ಹೊಸ ಬೈಬಲಿನ ಮೊದಲ ಪುಟಕ್ಕೆ ಮಗನ ಕೈಯಿಂದಲೇ ಬರೆಸಿ.