ಹಿರಿಯರ ತರಗತಿಯಲ್ಲಿ ಪದದಾಟ: ಕಲಿಸುವವರಿಗೆ ಒಂಬತ್ತು ಸೂತ್ರ

2011ರ ಜನಗಣತಿಯ ಪ್ರಕಾರ ಕರ್ನಾಟಕದ ಸಾಕ್ಷರತೆ ಶೇ 75.36. ಹೆಂಗಸರದ್ದಷ್ಟೇ ನೋಡಿದರೆ ಶೇ 68.08. ಓದು ಬಾರದೆ ಉಳಿದ ಹಿರಿಯರಿಗೆಂದೇ ಕೇಂದ್ರದ ‘ಉಲ್ಲಾಸ್’ ಕಾರ್ಯಕ್ರಮ 2022ರಿಂದ 2027ರ ಅವಧಿಗೆ ರೂಪುಗೊಂಡಿದೆ. ಅಲ್ಲಿ ಕಲಿಸುವವರು ಸ್ವಯಂಸೇವಕರು. ದಿನವಿಡೀ ಮೈಮುರಿದು ದುಡಿದು ಬಂದವರ ಕೈಗೆ ಬಳಪ ಕೊಟ್ಟು ಅ, ಆ ತಿದ್ದಿಸಿದರೆ ಹತ್ತು ನಿಮಿಷಕ್ಕೇ ತೂಕಡಿಕೆ ಶುರು. ಪದದಾಟ ಆಡಿಸಿ ಎನ್ನುವುದು ಅದಕ್ಕೇ. ಆದರೆ ಅದು ಮಕ್ಕಳಾಟವಾಗಬಾರದು. ಐವತ್ತು ದಾಟಿದ ಹೆಂಗಸಿನ ಬಾಯಲ್ಲಿ ಸಾವಿರಾರು ಪದಗಳಿವೆ. ಅವು ಕಾಗದದ ಮೇಲೆ ಹೇಗೆ ಕಾಣುತ್ತವೆ ಎನ್ನುವುದಷ್ಟೇ ಆಕೆಗೆ ಗೊತ್ತಿಲ್ಲ. ಆಟ ಕಟ್ಟುವಾಗ ಇದು ನೆನಪಿರಲಿ.

1. ಪದ ಅವರಿಂದಲೇ ಬರಲಿ. ಅರಸ, ಆನೆ, ಇಲಿಗಳನ್ನು ಅಂಗನವಾಡಿಗೆ ಬಿಡಿ. ಕೂಲಿ, ಸಾಲ, ಸಂಘ, ರೇಷನ್, ಗೊಬ್ಬರ, ಮದುವೆ ಇವನ್ನು ಬೋರ್ಡಿನ ಮೇಲೆ ಬರೆಯಿರಿ. ಬ್ರೆಜಿಲ್‌ನ ಪಾವ್ಲೊ ಫ್ರೇರಿ 1963ರಲ್ಲಿ ಆಂಜಿಕೋಸ್ ಎಂಬ ಊರಿನಲ್ಲಿ ಸುಮಾರು 300 ಮಂದಿ ದುಡಿಯುವವರಿಗೆ ಅಕ್ಷರ ಕಲಿಸಲು ಹೊರಟಾಗಲೂ ಜನರ ಬದುಕಿನ ಪದಗಳನ್ನೇ ಆರಿಸಿಕೊಂಡರು. ಪದವನ್ನು ತುಂಡು ಮಾಡುವುದು, ಒಂದೊಂದು ತುಂಡಿನ ಸ್ವರ ಬದಲಿಸುವುದು, ಆ ತುಂಡುಗಳಿಂದ ಹೊಸ ಪದ ಕಟ್ಟಿಸುವುದು, ಇದು ಅವರ ಪದ್ಧತಿ. ಕಾಗುಣಿತ ಉರು ಹೊಡೆದ ನಮಗೆ ಇದು ಅರ್ಥವಾಗಲು ಹೆಚ್ಚು ಹೊತ್ತು ಬೇಕಿಲ್ಲ.

2. ಒಂದು ಪದದಿಂದ ಹತ್ತು ತೆಗೆಸಿ. ‘ಕೂಲಿ’ ಎಂದು ಬರೆಯಿರಿ. ಅದರ ಕೆಳಗೆ ಕ-ಕಾ-ಕಿ-ಕೀ ಒಂದು ಸಾಲು, ಲ-ಲಾ-ಲಿ-ಲೀ ಇನ್ನೊಂದು ಸಾಲು. ಈಗ ಇವೆರಡು ಸಾಲಿನಿಂದಲೇ ಪದ ಹುಡುಕಲು ಹೇಳಿ. ಕಾಲು, ಕಾಲ, ಕೋಲು, ಕೀಲಿ, ಕಲೆ, ಲೋಕ ಒಂದೊಂದಾಗಿ ಬರುತ್ತವೆ. ಯಾರಾದರೂ ‘ಕೊಲೆ’ ಅಂದಾಗ ತರಗತಿಯೆಲ್ಲ ನಗುತ್ತದೆ. ನಗಲಿ, ಆ ಪದವನ್ನು ಯಾರೂ ಮರೆಯುವುದಿಲ್ಲ. ಅರ್ಥವಿಲ್ಲದ ಜೋಡಣೆ ಬಂದರೆ ‘ತಪ್ಪು’ ಅನ್ನಬೇಡಿ. ಜೋರಾಗಿ ಓದಿಸಿ, ಅವರೇ ಬೇಡವೆನ್ನುತ್ತಾರೆ. ನನ್ನನ್ನು ಕೇಳಿದರೆ, ಒಂದೇ ಆಟಕ್ಕೆ ಹೊತ್ತಿದ್ದರೆ ಇದನ್ನೇ ಆಡಿಸಿ.

3. ಪದಬಂಧವನ್ನು ಮೂರು ಮನೆಯಿಂದ ಶುರುಮಾಡಿ. ಪತ್ರಿಕೆಯ ಪದಬಂಧ ಕತ್ತರಿಸಿ ತರುವುದು ಬೇಡ, ಅದರ ಗ್ರಾಂಥಿಕ ಪದಗಳಿಗೆ ಪದವೀಧರರೇ ತಲೆ ಕೆರೆದುಕೊಳ್ಳುತ್ತಾರೆ. ಎಡದಿಂದ ಬಲಕ್ಕೆ ‘ಅಕ್ಕಿ’, ಮೇಲಿಂದ ಕೆಳಕ್ಕೆ ‘ಹಕ್ಕಿ’, ಎರಡಕ್ಕೂ ‘ಕ್ಕಿ’ಯ ಮನೆ ಒಂದೇ. ಕನ್ನಡದ ಪದಬಂಧದಲ್ಲಿ ಒತ್ತು, ಗುಣಿತ, ಸೊನ್ನೆ ಎಲ್ಲ ಸೇರಿ ಒಂದು ಅಕ್ಷರಕ್ಕೆ ಒಂದು ಮನೆ. ಹಾಗಾಗಿ ‘ಅಂಗಡಿ’ಗೆ ಮೂರೇ ಮನೆ ಸಾಕು. ಹೊಸಬರು ‘ಅಕ್ಕಿ’ಗೆ ಅ, ಕ, ಕಿ ಎಂದು ಮೂರು ಮನೆ ಕೇಳುತ್ತಾರೆ. ಒತ್ತಕ್ಷರದ ಪಾಠ ಮಾಡಲು ಅದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಒತ್ತು ಬಿಟ್ಟು ‘ಅಕಿ’ ಎಂದು ಬರೆದವರಿಗೂ ಪಕ್ಕದ ‘ಹಕಿ’ಯೇ ತಪ್ಪನ್ನು ತೋರಿಸಿಕೊಡುತ್ತದೆ. ನೀವು ಬಾಯಿ ಬಿಡಬೇಕಿಲ್ಲ.

4. ಸುಳಿವು ಕೊಡುವ ಕೆಲಸ ಅವರಿಗೆ ಬಿಡಿ. ‘ಬಿಂದಿಗೆ’ಗೆ ನೀವು ಕೊಡುವ ಸುಳಿವು ‘ನೀರು ತರುವ ಪಾತ್ರೆ’. ಅವರಾದರೆ ‘ಖಾಲಿಯಿದ್ದಾಗ ಕೈಯಲ್ಲಿ, ತುಂಬಿದ ಮೇಲೆ ಸೊಂಟದಲ್ಲಿ’ ಅನ್ನಬಲ್ಲರು. ಒಗಟು ಕೇಳಿ ಬೆಳೆದವರು ಅವರು. ಅವರು ಹೇಳಿದ್ದನ್ನು ಬರೆದುಕೊಂಡು, ಮರುದಿನ ದೊಡ್ಡಕ್ಷರದಲ್ಲಿ ಅವರಿಗೇ ಓದಲು ಕೊಡಿ.

5. ಚೌಕಾಬಾರಕ್ಕೆ ಅಕ್ಷರ ಹಾಕಿ. ಇಪ್ಪತ್ತೈದು ಮನೆ, ನಾಲ್ಕು ಕವಡೆ, ಆಟದ ನಿಯಮ ಎಲ್ಲರಿಗೂ ಗೊತ್ತು. ನೆಲದ ಮೇಲೆ ಸೀಮೆಸುಣ್ಣದಿಂದ ಬರೆದು, ಕಟ್ಟೆಗಳನ್ನು ಬಿಟ್ಟು ಉಳಿದ ಮನೆಗಳಲ್ಲಿ ಒಂದೊಂದು ಪದ ಬರೆಯಿರಿ. ಕಾಯಿ ನಿಂತ ಮನೆಯ ಪದ ಓದಿದರೆ ಮುಂದಿನ ಸಲ ನಡೆ, ಇಲ್ಲದಿದ್ದರೆ ಅಲ್ಲೇ ಕೂತಿರಬೇಕು. ಎದುರಾಳಿಯ ಕಾಯಿ ಕಡಿಯುವ ಆಸೆಗೆ ಓದುವ ಹುಮ್ಮಸ್ಸು ನೋಡಬೇಕು!

6. ಒಬ್ಬರನ್ನೇ ಎಬ್ಬಿಸಿ ನಿಲ್ಲಿಸಬೇಡಿ. ಎಲ್ಲ ಆಟವೂ ಜೋಡಿಯಲ್ಲಿ ನಡೆಯಲಿ. ಸೊಸೆಯ ಎದುರು ಅತ್ತೆ, ಮಗನ ವಯಸ್ಸಿನವನ ಎದುರು ಅಪ್ಪ ಸೋತರೆ ನಾಳೆ ಅವರು ಬರುವುದಿಲ್ಲ. ಬಹುಮಾನವೂ ಬೇಡ.

7. ಅಕ್ಷರ ದಪ್ಪಗಿರಲಿ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಂಜಾಗುವುದು ಸಹಜ. ಓದಲು ತಡವರಿಸುವವರಲ್ಲಿ ಎಷ್ಟೋ ಮಂದಿಗೆ ಬೇಕಾದದ್ದು ಪಾಠವಲ್ಲ, ಕನ್ನಡಕ.

8. ಆಟ ಮೊದಲು, ಪಾಠ ಆಮೇಲೆ. ಹಾಲು ಕರೆದು, ಅಡುಗೆ ಮುಗಿಸಿ ತಡವಾಗಿ ಬರುವವರು ಇದ್ದೇ ಇರುತ್ತಾರೆ. ಪಾಠದ ನಡುವೆ ಬಂದರೆ ಕಕ್ಕಾಬಿಕ್ಕಿ, ಆಟದ ನಡುವೆ ಬಂದರೆ ಒಂದು ಜೋಡಿಗೆ ಸೇರಿಕೊಂಡರಾಯಿತು. ಕಾಲು ಗಂಟೆ ಸಾಕು. ‘ಇನ್ನೊಂದು ಆಟ’ ಅನ್ನುತ್ತಿರುವಾಗಲೇ ನಿಲ್ಲಿಸಿ.

9. ಆಟವನ್ನು ಬೀದಿಗೆ ಒಯ್ಯಿರಿ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಬಸ್ ಓಡಾಟ ಹೆಚ್ಚಿತು. ಬಸ್ ಬೋರ್ಡು ಓದಲಾರದವರು ಮಾತ್ರ ‘ಇದು ಎಲ್ಲಿಗೆ ಹೋಗುತ್ತಪ್ಪ?’ ಎಂದು ಇನ್ನೂ ಕೇಳುತ್ತಲೇ ಇದ್ದಾರೆ. ನಿಮ್ಮ ತಾಲ್ಲೂಕಿನ ಊರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಅಕ್ಷರ ಅದಲುಬದಲು ಮಾಡಿ ಕೊಡಿ. ‘ರು ಕೂ ತು ಮ’ ಕೊಟ್ಟರೆ ‘ತುಮಕೂರು’ ಹೊರಡಬೇಕು. ವಾರಾಂತ್ಯದ ಹೋಂವರ್ಕ್: ಬಸ್ ನಿಲ್ದಾಣದಲ್ಲಿ ಓದಿದ ಮೂರು ಬೋರ್ಡುಗಳ ಹೆಸರು ಸೋಮವಾರ ಬಂದು ಬರೆಯುವುದು.

ಇಷ್ಟೆಲ್ಲ ಮಾಡಲು ಬಿ.ಇಡಿ. ಬೇಕಿಲ್ಲ. ಕನ್ನಡ ಓದು ಬರಹ ಬಂದು, ಸಂಜೆ ಒಂದು ಗಂಟೆ ಬಿಡುವಿದ್ದರೆ ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ, ಉಲ್ಲಾಸ್ ತರಗತಿ ಎಲ್ಲಿ ನಡೆಯುತ್ತಿದೆ ಎಂದು ಕೇಳಿ.