ಮಧುನಾಶಿನಿ ನಂಬಿ ಮಾತ್ರೆ ಬಿಡಬಹುದೇ?

ಸಕ್ಕರೆ ಕಾಯಿಲೆಗೆ ಹಾಗಲಕಾಯಿ ರಸ, ಮಧುನಾಶಿನಿ ಎಲೆ ಸಾಕಲ್ಲವೇ, ಮಾತ್ರೆ ಏಕೆ ಎಂದು ಕೇಳಿದ್ದೀರಿ. ದಯವಿಟ್ಟು ಮಾತ್ರೆ ನಿಲ್ಲಿಸಬೇಡಿ. ಗಿಡಗಳಲ್ಲಿ ಗುಣವಿಲ್ಲವೆಂದಲ್ಲ, ನೀವು ನುಂಗುವ ಮೆಟ್‌ಫಾರ್ಮಿನ್‌ನ ಹಿನ್ನೆಲೆಯಲ್ಲಿರುವುದೂ ಯುರೋಪಿನ ಗಲೇಗಾ ಎಂಬ ಗಿಡವೇ. ಆದರೆ ಆ ಗಿಡದ ಸಾರ ವಿಷಕಾರಿಯಾಗಿತ್ತು. ಅದರ ರಸಾಯನವನ್ನು ಅರಿತು, ಸುರಕ್ಷಿತ ರೂಪ ಹುಡುಕಿ, ಪ್ರಮಾಣ ಗೊತ್ತುಮಾಡಿದ ಮೇಲೆಯೇ ಔಷಧ ಸಿಕ್ಕಿತು. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ದೀರ್ಘ ಅಧ್ಯಯನದಲ್ಲಿ, ಮೈತೂಕ ಹೆಚ್ಚಿದ್ದ ರೋಗಿಗಳಿಗೆ ಮೆಟ್‌ಫಾರ್ಮಿನ್ ಕೊಟ್ಟಾಗ ಹೃದಯಾಘಾತ, ಸಾವು ಎರಡೂ ತಗ್ಗಿದವು. ಹಾಗಲಕಾಯಿಯ ಪ್ರಯೋಗಗಳನ್ನು ಒಟ್ಟಾಗಿ ನೋಡಿದ ಕಾಕ್ರೇನ್ ಸಂಸ್ಥೆಯ 2012ರ ಪರಾಮರ್ಶೆಗೆ ಅದನ್ನು ಶಿಫಾರಸು ಮಾಡುವಷ್ಟು ಪುರಾವೆ ಸಿಗಲಿಲ್ಲ.

ಹಿರಿಯರು ಬಳಸುತ್ತಿದ್ದರಲ್ಲ ಎನ್ನಬಹುದು. ನಿಜ, ಆದರೆ ಕಣ್ಣು, ಮೂತ್ರಪಿಂಡ ಸದ್ದಿಲ್ಲದೆ ಹಾಳಾಗುವುದನ್ನು ಅಳೆಯುವ ಸಾಧನ ಅವರ ಬಳಿ ಇರಲಿಲ್ಲ. ಮಧುನಾಶಿನಿ ಜಗಿದರೆ ನಾಲಿಗೆಗೆ ಸಿಹಿ ತಿಳಿಯದು. ಅದರಿಂದ ರಕ್ತದ ಸಕ್ಕರೆ ಇಳಿಯಿತೆಂದು ಹೇಳಲಾಗದು. ಗಿಡಮೂಲಿಕೆಗೆ ಅಡ್ಡಪರಿಣಾಮವಿಲ್ಲ ಎಂಬ ಮಾತೂ ಸರಿಯಲ್ಲ. ಅಮೃತಬಳ್ಳಿ ಸೇವಿಸಿದವರಲ್ಲಿ ಯಕೃತ್ತಿಗೆ ಹಾನಿಯಾದ ಪ್ರಕರಣಗಳು 2021ರಲ್ಲಿ ಮುಂಬೈಯಿಂದ ವರದಿಯಾಗಿವೆ. ಗ್ಲಿಮೆಪಿರೈಡ್‌ನಂಥ ಮಾತ್ರೆಯ ಜೊತೆ ಹಾಗಲಕಾಯಿ ರಸ ಕುಡಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಲೂಬಹುದು. ಮೆಂತ್ಯ ಬೇರೆ ಮಾತು: ಅದರ ನಾರು ಪಿಷ್ಟ ಜೀರ್ಣವಾಗುವುದನ್ನು ನಿಧಾನಿಸುತ್ತದೆ, ಅಡುಗೆಯಲ್ಲಿ ಧಾರಾಳವಾಗಿ ಬಳಸಿ. ಬೇರೇನನ್ನು ಸೇವಿಸಿದರೂ ವೈದ್ಯರಿಗೆ ಮುಚ್ಚಿಡದೆ ಹೇಳಿ, ಮೂರು ತಿಂಗಳಿಗೊಮ್ಮೆ ರಕ್ತದ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಮಾತ್ರೆ ತಗ್ಗಿಸುವುದಿದ್ದರೆ ಆ ಅಂಕಿ ನೋಡಿ ಅವರೇ ತಗ್ಗಿಸಲಿ.